ಡಕಾರ್‌ನಲ್ಲಿ ಒಂದೇ ದಿನ ಸಿಕ್ಕರೆ ಗೋರೆಗೆ ಹೋಗಿ

ಕ್ರೂಸ್‌ನಲ್ಲಿ ಸೆನೆಗಲ್‌ನ ಡಕಾರ್‌ಗೆ ಹೋಗುವವರಿಗೆ ಒಂದು ಮಾತು. ಇರುವ ಕೆಲವೇ ಗಂಟೆಗಳನ್ನು ಸುಮ್ನೆ ಟ್ರಾಫಿಕ್‌ನಲ್ಲಿ ಕಳೆಯಬೇಡಿ, ಗೋರೆ ದ್ವೀಪ ನೋಡಿ. ಫೆರಿ ಬಂದರಿನಿಂದಲೇ ಹೊರಡುತ್ತದೆ, ಸುಮಾರು 20 ನಿಮಿಷದ ದಾರಿ. ಗುರುತಿನ ಚೀಟಿ ಕೇಳುತ್ತಾರೆ. ಪಾಸ್‌ಪೋರ್ಟ್ ಹಡಗಿನವರ ಬಳಿ ಇದ್ದರೆ ಅದರ ಜೆರಾಕ್ಸ್ ಸಾಕಾಗುತ್ತದಾ ಅಂತ ಮೊದಲೇ ವಿಚಾರಿಸಿ.

ಅಲ್ಲಿನ ಗುಲಾಮರ ಮನೆ (ಗುಲಾಮಗಿರಿಗೆ ಸಿಕ್ಕಿದ ಆಫ್ರಿಕನ್ನರ ನೆನಪಿನ ಮ್ಯೂಸಿಯಂ) 18ನೇ ಶತಮಾನದ್ದು. ಸೋಮವಾರ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ. ಕೆಳಗಿನ ಇಕ್ಕಟ್ಟಾದ ಕೋಣೆಗಳು, ಸಮುದ್ರದ ಕಡೆ ತೆರೆಯುವ ಬಾಗಿಲು ನೋಡಿದರೆ ಮನಸ್ಸು ಭಾರವಾಗುತ್ತದೆ. ದಯವಿಟ್ಟು ಆ ಬಾಗಿಲಲ್ಲಿ ನಗುತ್ತಾ ಸೆಲ್ಫಿ ಬೇಡ. ಎಷ್ಟೋ ಜನ ಅಲ್ಲಿಗೆ ತಮ್ಮ ಪೂರ್ವಜರನ್ನು ನೆನೆಯಲು ಬರುತ್ತಾರೆ, ಅಲ್ವಾ? ದ್ವೀಪದಲ್ಲಿ ಕಾರುಗಳಿಲ್ಲ, ಆರಾಮಾಗಿ ನಡೆಯಬಹುದು.

ಖರ್ಚಿಗೆ ಅಲ್ಲಿನ ಕರೆನ್ಸಿ ಸಿಎಫ್‌ಎ ಫ್ರಾಂಕ್‌ನ ಚಿಲ್ಲರೆ ಇಟ್ಟುಕೊಳ್ಳಿ. ಟ್ಯಾಕ್ಸಿ ಹತ್ತುವ ಮೊದಲೇ ಬಾಡಿಗೆ ಮಾತಾಡಿ. ವಾಪಸ್ ಬರಲು ಕೊನೇ ಫೆರಿಗೆ ಕಾಯಬೇಡಿ.