ಆರು ತಟ್ಟೆ, ಒಂದೇ ಸಲಕ್ಕೆ

ಮಗಳಿಗೆ ಮೂರೂವರೆ ವರ್ಷ ಆಗಿದ್ದಾಗ ಮನೆಗೆ ಯಾರೇ ಬಂದರೂ ಜಗಲಿಯಲ್ಲಿ ನಿಲ್ಲಿಸಿ "ಒಂದು, ಎರಡು ಹೇಳು ಪುಟ್ಟಿ" ಅನ್ನುತ್ತಿದ್ದೆ. ಇಪ್ಪತ್ತರವರೆಗೆ ಗಡಗಡ ಹೇಳಿಬಿಡುತ್ತಿದ್ದಳು. ನನಗೋ ಜಂಬ. ಒಂದು ದಿನ ಐದು ಮಾವಿನಹಣ್ಣು ಇಟ್ಟು ಎಣಿಸು ಅಂದೆ. ಬಾಯಿ ಒಂದು ಕಡೆ, ಬೆರಳು ಇನ್ನೊಂದು ಕಡೆ. ಎಂಟಕ್ಕೆ ಹೋಗಿ ನಿಂತಳು, ಅದೂ ಉಸಿರು ಸಾಲದೆ.

ಅವಳಿಗೆ ಅದು ಲೆಕ್ಕ ಅಲ್ಲ, ಹಾಡು. "ಆನೆ ಬಂತೊಂದಾನೆ" ಹೇಳಿದ ಹಾಗೆಯೇ "ಒಂದು ಎರಡು ಮೂರು" ಹೇಳುತ್ತಿದ್ದಳು ಅಷ್ಟೇ.

ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ನಮ್ಮದು ಸಾಗರದ ಕಡೆಯ ಹಳ್ಳಿ. ಕರೆಂಟ್ ಹೋದರೆ ಮೂರು ದಿನ, ಅದರ ಜೊತೆಗೇ ನೆಟ್‌ವರ್ಕೂ. ಅಟ್ಟದಿಂದ ಹಳೇ ಚೆನ್ನೆಮಣೆ ಇಳಿಸಿದೆ. ಕೆಲವರು ಅಳಗುಳಿ ಮಣೆ ಅನ್ನುತ್ತಾರಲ್ವಾ, ಅದೇ. ಎರಡು ಸಾಲು, ಒಟ್ಟು 14 ಗುಳಿ. ಅತ್ತೆಯ ಕಾಲದ ಗುಲಗಂಜಿ ಡಬ್ಬಿಯೂ ಸಿಕ್ಕಿತು. ಗುಲಗಂಜಿ ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ ಅಂತ ಅದನ್ನು ತೆಗೆದು ಹುಣಸೆ ಬೀಜ ಕೊಟ್ಟೆ. ಜಾಣತನ ತೋರಿಸಿದೆ ಅಂದುಕೊಂಡೆ. ಗುಳಿಗೆ ನಾಲ್ಕರಂತೆ ಹಾಕುತ್ತಾ ಹೋದಳು. ಕೊನೆಯ ಗುಳಿಗೆ ಒಂದು ಬೀಜ ಕಡಿಮೆ. ಎಲ್ಲಿ ಅಂದರೆ ಮೂಗು ತೋರಿಸಿದಳು! ಸುರಿಯುವ ಮಳೆಯಲ್ಲಿ ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಬೀಜ ತೆಗೆದದ್ದು ಎರಡು ನಿಮಿಷ, ನನಗೆ ಬೈದದ್ದು ಹತ್ತು ನಿಮಿಷ. ಬೈಸಿಕೊಳ್ಳಬೇಕಾದ್ದೇ.

ಆಮೇಲೆ ಮೂಗಿಗೂ ಬಾಯಿಗೂ ಹೋಗದಷ್ಟು ದೊಡ್ಡದನ್ನೇ ಹುಡುಕಿದೆ. ಆ ವರ್ಷ ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದಿತ್ತು. ಉದುರಿದ ಹಸಿ ಅಡಿಕೆಗೆ ಬರ ಇರಲಿಲ್ಲ, ಬೇಜಾರಿನ ಮಾತು ಬಿಡಿ. ಕೊಳೆಗೆ ಬೋರ್ಡೋ ಔಷಧಿ ಹೊಡೆದದ್ದಾದ್ದರಿಂದ ದಪ್ಪದವನ್ನು ಆರಿಸಿ ಚೆನ್ನಾಗಿ ತೊಳೆದು ಒರೆಸಿ ಕೊಟ್ಟೆ. ಆಟ ಮುಗಿದ ಮೇಲೆ ಕೈ ತೊಳೆಸುತ್ತಿದ್ದೆ. ಒಂದೇ ನಿಯಮ: ಒಂದು ಅಡಿಕೆ ಬುಟ್ಟಿಗೆ ಬಿದ್ದರೆ ಒಂದು ಮಾತು. ಟಪ್, ಒಂದು. ಟಪ್, ಎರಡು. ಸದ್ದು ಬಂದ ಮೇಲೇ ಬಾಯಿ ತೆರೆಯಬೇಕು. ಬೆರಳಿಟ್ಟು ತೋರಿಸುವಾಗ ತಪ್ಪುತ್ತಿದ್ದವಳು ಎತ್ತಿ ಹಾಕುವಾಗ ತಪ್ಪಲಿಲ್ಲ.

ಆದರೆ "ಒಟ್ಟು ಎಷ್ಟಾಯ್ತು?" ಅಂದರೆ ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು. ಕೊನೆಗೆ ಹೇಳಿದ್ದೇ ಉತ್ತರ ಅನ್ನೋದು ಹೊಳೆದಿರಲಿಲ್ಲ. ಇದಕ್ಕೇ ಜಾಸ್ತಿ ದಿನ ಹಿಡಿದದ್ದು, ಸುಮಾರು ಮೂರು ತಿಂಗಳು. ನಾನು ಮಾಡಿದ್ದು ಇಷ್ಟೇ: ಎಣಿಸಿ ಮುಗಿದ ಕೂಡಲೇ ಬುಟ್ಟಿಯ ಸುತ್ತ ಕೈ ಆಡಿಸಿ "ಐದು ಅಡಿಕೆ" ಅನ್ನುತ್ತಿದ್ದೆ. ಮೊರದ ಅಡಿಯಲ್ಲಿ ಎರಡೋ ಮೂರೋ ಇಟ್ಟು, ಒಂದು ಗಳಿಗೆ ಎತ್ತಿ ಮುಚ್ಚುತ್ತಿದ್ದೆ. ಮೂರರವರೆಗೆ ಎಣಿಸದೆ ಕಣ್ಣಲ್ಲೇ ಹೇಳುತ್ತಿದ್ದಳು. ನಾಲ್ಕಕ್ಕೆ ತಡವರಿಸುತ್ತಿದ್ದಳು.

ನಡುವೆ ಮಾವನಿಂದ ಒಂದು ತಮಾಷೆ. ಅವರು ಸೇರಲ್ಲಿ ಅಕ್ಕಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, "ಲಾಭ" ಅನ್ನುತ್ತಾರೆ. ನಮ್ಮಲ್ಲಿ ಹಳಬರೆಲ್ಲ ಹಾಗೆಯೇ. ಇವಳೂ ಶುರು ಮಾಡಿದಳು, "ಲಾಭ, ಎರಡು, ಮೂರು." ತಿದ್ದಲು ಹೋದರೆ "ಅಜ್ಜಂಗೆ ಬರಲ್ವಾ?" ಅಂತ ಕೇಳಿದಳು. ಸುಮ್ನಾದೆ.

ಉಪಯೋಗಕ್ಕೆ ಬಂದದ್ದು ಊಟದ ತಟ್ಟೆ. ಮನೆಯಲ್ಲಿ ನಾವು ಆರು ಜನ. ತಟ್ಟೆ ಇಡುವ ಕೆಲಸ ಅವಳಿಗೆ ಕೊಟ್ಟೆ. ಮೊದಮೊದಲು ಅಜ್ಜನಿಗೊಂದು, ಅಜ್ಜಿಗೊಂದು ಅಂತ ಅಡುಗೆಮನೆಗೆ ಆರು ಸಲ ಓಡಾಟ. ಹಸಿದವರು ಗೊಣಗುತ್ತಿದ್ದರು. ನಾನು ಎಷ್ಟು ಬೇಕು ಅಂತ ಹೇಳಿಕೊಡಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಬಾಗಿಲಲ್ಲಿ ನಿಂತು ಎಲ್ಲರನ್ನೂ ನೋಡಿದಳು. ತುಟಿ ಅಲ್ಲಾಡಿತು. ಒಳಗೆ ಹೋಗಿ ಆರು ತಟ್ಟೆ ಒಟ್ಟಿಗೆ ಎದೆಗವುಚಿಕೊಂಡು ಬಂದಳು. ಅತ್ತೆ "ಸಾರು ಬಡಿಸೇ, ಏನು ನೋಡ್ತಾ ಕೂತಿದ್ದೀಯ" ಅಂದರು. ಅವರಿಗೆ ಏನಾಯ್ತು ಅಂತ ಗೊತ್ತೇ ಆಗಲಿಲ್ಲ.

ಎಲ್ಲವೂ ಬಂತು ಅಂತಲ್ಲ. ಐದೈದು ಅಡಿಕೆಯ ಎರಡು ಸಾಲು ಇಟ್ಟು, ಒಂದನ್ನು ಸ್ವಲ್ಪ ಬಿಡಿಸಿ ಹರಡಿದರೆ "ಇದ್ರಲ್ಲೇ ಜಾಸ್ತಿ" ಅನ್ನುತ್ತಾಳೆ. ಪಿಯಾಜೆ ಎಂಬ ಸ್ವಿಸ್ ಮನಶ್ಶಾಸ್ತ್ರಜ್ಞ ಇದನ್ನು ಮಕ್ಕಳಲ್ಲಿ ಪರೀಕ್ಷಿಸಿ ನೋಡಿದ್ದ. ಆರೇಳು ವರ್ಷದ ಹೊತ್ತಿಗೆ ಸರಿಹೋಗುತ್ತದೆ, ಹಾಗಾಗಿ ವಾದ ಮಾಡುವುದಿಲ್ಲ.

ಈಗ ನಾಲ್ಕೂವರೆ. ಬಾಯಲ್ಲಿ ಹೇಳುವುದಲ್ಲ, ಅಡಿಕೆ ಎಣಿಸುವಾಗ ಹನ್ನೊಂದು, ಹನ್ನೆರಡು ದಾಟುವುದು ಕಷ್ಟವಾಗಿತ್ತು. ಇಪ್ಪತ್ತರ ಮೇಲೆ ಇಪ್ಪತ್ತೊಂದು, ಇಪ್ಪತ್ತೆರಡು ಅಂತ ಅವಳೇ ಜೋಡಿಸಿಕೊಂಡಳು. ಹಾಗೆ ಜೋಡಿಸುತ್ತಾ ಇಪ್ಪತ್ತೊಂಬತ್ತು ಆದ ಮೇಲೆ ನಿನ್ನೆ ಗಟ್ಟಿಯಾಗಿ "ಇಪ್ಪತ್ತಹತ್ತು" ಅಂದಳು. ಅಜ್ಜ ನಕ್ಕು ಸರಿಯಾಗಿದೆ ಅಂದರು. ಲೆಕ್ಕದಲ್ಲಿ ಸರಿಯೇ ಅಲ್ವಾ.