ಬೇಸ್ ಗಿಟಾರ್‌ಗೆ ಗುಳೇದಗುಡ್ಡದ ಖಣ ಹೊದಿಸಿದ ಅನುಭವ

ಖಣ, ಅಂದರೆ ಕುಪ್ಪಸಕ್ಕೆಂದೇ ನೇಯುವ ಚಿತ್ತಾರದ ಬಟ್ಟೆ, ಅಂಟಿಸಿದ ನನ್ನ ಬೇಸ್ ಗಿಟಾರ್ ಎರಡು ಮಳೆಗಾಲ ಕಂಡಿದೆ. ಒಂದು ಎಳೆಯೂ ಎದ್ದಿಲ್ಲ. "ಖಣ ಕುಪ್ಪಸಕ್ಕೇ ಚಂದ, ಗಿಟಾರ್ ಮೇಲೆ ಆರು ತಿಂಗಳೂ ನಿಲ್ಲುವುದಿಲ್ಲ" ಎಂದವರಲ್ಲಿ ಇಬ್ಬರು ಈಗ ತಮ್ಮ ಗಿಟಾರ್‌ಗಳನ್ನೇ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ.

ಮೊದಲು ಕೈ ಸುಟ್ಟುಕೊಂಡದ್ದು ಹಳೆಯ ಟೆಲಿಕಾಸ್ಟರ್ (ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್) ಮಾದರಿಯ ಬಾಡಿಯಲ್ಲಿ. ಸ್ಪ್ರೇ ಅಂಟು ಹೊಡೆದು ಬಟ್ಟೆ ಒತ್ತಿದೆ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮೇಲೆ ಲ್ಯಾಕರ್ ಹೊಡೆದದ್ದೇ ತಡ, ಅದರ ಥಿನ್ನರ್ ಅಂಟನ್ನು ಕರಗಿಸಿಬಿಟ್ಟಿತು. ಬೆಳಗ್ಗೆ ನೋಡಿದರೆ ತಂತಿಗಳ ಬುಡ ಹಿಡಿಯುವ ಬ್ರಿಜ್ ಕೂರುವ ಜಾಗದಲ್ಲಿ ಅಂಗೈಯಗಲದ ಗುಳ್ಳೆ. ಸಾಲದ್ದಕ್ಕೆ ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆ. ತೇವಕ್ಕೆ ಲ್ಯಾಕರ್ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಯಿತು. ಬಾಡಿ, ಬಟ್ಟೆ ಎಲ್ಲ ಸೇರಿ ಐದು ಸಾವಿರದ ಆಸುಪಾಸು ಹೋಯಿತು. ಎರಡನೆಯದಕ್ಕೆ ಫೆವಿಕಾಲ್ ಬಳಿದು ಹಸಿಯಿರುವಾಗಲೇ ಬಟ್ಟೆ ಹಾಸಿದೆ. ಖಣ ನೀರು ಕುಡಿದು ಕುಗ್ಗಿತು, ಬುಟ್ಟಿಯ (ನೇಯ್ದ ಪುಟ್ಟ ಚಿತ್ತಾರದ) ಸಾಲು ಸೊಟ್ಟಗಾಯಿತು, ಅಂಚಿನ ಕೆಂಪು ಒಳಕ್ಕೆ ಹರಿಯಿತು. ಅಲ್ಲಿಗೆ ಮತ್ತೆ ಮೂರು ಸಾವಿರ. ಮೂರನೆಯದಕ್ಕೆ ಹಣ ಹೊಂದಿಸಲು ಗಿಟಾರಿನ ನಾದ ಬದಲಿಸುವ ನನ್ನ ಒಂದು ಪೆಡಲ್ ಮಾರಬೇಕಾಯಿತು.

ಆ ಮೂರನೆಯದೇ ಬೇಸ್. ಈ ಸಲ ಮರದ ಮೇಲೆ ಮೊದಲು ಬಿಳಿ ಬಣ್ಣ ಹೊಡೆದೆ. ಬಟ್ಟೆಯು ಮೇಲೆ ಹೊಡೆಯುವ ಕ್ಲಿಯರ್ (ಬಣ್ಣವಿಲ್ಲದ ಹೊಳಪು ಲೇಪ) ಕುಡಿದಾಗ ಪಾರದರ್ಶಕವಾಗುತ್ತದೆ, ಕೆಳಗಿನ ಕಂದು ಮರ ಇಣುಕಿ ಬಣ್ಣವನ್ನೆಲ್ಲ ಕೊಲ್ಲುತ್ತದೆ. ಬಿಳಿಯ ಮೇಲೆ ಫೆವಿಕಾಲ್ ಎರಡು ತೆಳು ಪದರ ಬಳಿದು ಒಂದು ರಾತ್ರಿ ಪೂರ್ತಿ ಒಣಗಲು ಬಿಟ್ಟೆ. ಒಣಗಿದ ಫೆವಿಕಾಲ್ ಬಿಸಿಗೆ ಮತ್ತೆ ಮೆದುವಾಗಿ ಹಿಡಿಯುತ್ತದೆ ಎಂಬುದೇ ಇಲ್ಲಿನ ಜೀವಾಳ. ನೆಕ್ ಪಾಕೆಟ್‌ನಿಂದ (ಗಿಟಾರಿನ ಕತ್ತು ಕೂರುವ ಗುಳಿ) ಬ್ರಿಜ್‌ವರೆಗೆ ದಾರ ಎಳೆದು ಕಟ್ಟಿ, ಒಂದು ಬುಟ್ಟಿಯ ಸಾಲನ್ನು ಅದರ ಕೆಳಗೆ ನೇರ ಕೂರಿಸಿ, ತೆಳು ಕಾಟನ್ ಬಟ್ಟೆ ಮುಚ್ಚಿ ನಡುವಿನಿಂದ ಹೊರಕ್ಕೆ ಇಸ್ತ್ರಿ ಆಡಿಸಿದೆ. ನೀರಿಲ್ಲ, ಆದ್ದರಿಂದ ಸುಕ್ಕೂ ಇಲ್ಲ. ಖಣದ ಪನ್ನ (ಅಗಲ) ಸುಮಾರು 30 ಇಂಚು. ಮುಕ್ಕಾಲು ಮೀಟರ್‌ನಲ್ಲಿ ಮುಂದೆ ಹಿಂದೆ ಎರಡೂ ಆಯಿತು. ಬದಿಗಳಿಗೆ ಬಟ್ಟೆ ಸುತ್ತುವ ಗೋಜಿಗೆ ಹೋಗಬೇಡಿ, ಬಾಡಿಯ ಕೊಂಬಿನ ಒಳತಿರುವಿನಲ್ಲಿ ಅದು ಕೂರುವುದೇ ಇಲ್ಲ. ಅಂಚಿಗೆ ಕತ್ತರಿಸಿ, ಬದಿಗೆ ಹೊಂದುವ ಬಣ್ಣ ಹೊಡೆದು, ಅದನ್ನೇ ಬಟ್ಟೆಯ ಅಂಚಿನ ಮೇಲೆ ತುಸು ಹರಡಿದರೆ ಸಾಕು. ಫೆಂಡರ್ ಕಂಪನಿ 1968ರಲ್ಲಿ ಗೋಡೆಗೆ ಅಂಟಿಸುವ ಪೇಸ್ಲಿ (ಮಾವಿನಕಾಯಿ ಆಕಾರದ ಚಿತ್ತಾರದ) ಕಾಗದ ಹಚ್ಚಿದ ಟೆಲಿಕಾಸ್ಟರ್‌ಗಳಲ್ಲೂ ಹೀಗೆಯೇ ಅಂಚು ಮರೆಸಿತ್ತು. ಅವುಗಳ ಮೇಲಿನ ಕ್ಲಿಯರ್ ಕಾಲಕ್ರಮೇಣ ಬಿರುಕು ಬಿಟ್ಟಿತು, ನನ್ನದರಲ್ಲಿ ಈವರೆಗೆ ಕೂದಲೆಳೆಯಷ್ಟೂ ಇಲ್ಲ.

ಕೆಂಪು ಬಣ್ಣ ಹರಿಯದಂತೆ ಬಟ್ಟೆಗೆ ಮೊದಲೇ ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಾಲ್ಕು ತಿಂಗಳು ಕಳೆದಿದ್ದೇನೆ.

ಬಟ್ಟೆಯ ಮೇಲೆ ಮೊದಲು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ), ಎಳೆಗಳ ನಡುವಿನ ತಗ್ಗು ತುಂಬುವಷ್ಟು. ನಂತರ ಕಾರಿಗೆ ಬಣ್ಣ ಹೊಡೆಯುವವರ ಬಳಿ 2ಕೆ ಕ್ಲಿಯರ್ (ಗಟ್ಟಿಯಾಗಿಸುವ ದ್ರವ ಬೆರೆಸಿ ಹೊಡೆಯುವಂಥದ್ದು) ಐದೋ ಆರೋ ಪದರ. ಅವರು ಎಂಟುನೂರು ತೆಗೆದುಕೊಂಡರು. ನಡುವೆ ಉಜ್ಜುವಾಗ ಸ್ಯಾಂಡ್ ಪೇಪರ್ ಎಳೆಗೆ ತಾಗಿದರೆ ಅಲ್ಲಿ ಬಿಳಿ ನವಿರು ಏಳುತ್ತದೆ, ಮುಗಿಯಿತು. ನೆಕ್ ಪಾಕೆಟ್‌ಗೆ ಟೇಪ್ ಹಚ್ಚುವುದನ್ನು ಮರೆಯಬೇಡಿ.

ಎಲ್ಲ ಮುಗಿಯಿತು ಎನ್ನುವಾಗ ಬ್ರಿಜ್‌ನ ತೂತು ಕೊರೆಯಲು ಹೋದೆ. ಡ್ರಿಲ್ ತುದಿ ಕ್ಲಿಯರ್ ಸೀಳಿ ಒಂದು ರೇಷ್ಮೆ ಎಳೆಯನ್ನು ಸುತ್ತಿಕೊಂಡು ಎಳೆಯಿತು. ಕ್ಲಿಯರ್‌ನ ಒಳಗೇ ಅರ್ಧ ಇಂಚಿನ ಬಿಳಿ ಗೆರೆ ಬಿತ್ತು! ಅದೃಷ್ಟಕ್ಕೆ ಅದು ಬ್ರಿಜ್ ತಟ್ಟೆಯ ಕೆಳಗೆ ಅಡಗಿತು. ಈಗ ಚೂಪು ಬ್ಲೇಡಿನಿಂದ ತೂತಿನಷ್ಟಗಲ ಬಟ್ಟೆಯನ್ನು ದುಂಡಗೆ ಕತ್ತರಿಸಿ ತೆಗೆದು, ಒಂದು ಹನಿ ಫೆವಿಕ್ವಿಕ್ ಬಿಟ್ಟು, ಆಮೇಲೆ ಕೊರೆಯುತ್ತೇನೆ.

ಬಟ್ಟೆ ನಾದ ನುಂಗುತ್ತದೆ ಎನ್ನುವವರಿಗಾಗಿ ಅದೇ ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ), ಅದೇ ತಂತಿ ಹಾಕಿ ಮೊದಲೂ ನಂತರವೂ ರೆಕಾರ್ಡ್ ಮಾಡಿದ್ದೇನೆ. ಯಾವುದು ಯಾವುದೆಂದು ಒಬ್ಬರೂ ಸರಿಯಾಗಿ ಹೇಳಲಿಲ್ಲ. ತೂಕ ನೂರೈವತ್ತು ಗ್ರಾಂ ಹೆಚ್ಚಾಗಿರಬಹುದು. ಜರಿಯಿಂದ ಗುಂಯ್ ಎಂಬ ಸದ್ದು ಬರುತ್ತದೆಯೇ ಎಂದು ಜರಿ ಅಂಚಿನ ಒಂದು ತುಂಡನ್ನು ಮಲ್ಟಿಮೀಟರ್‌ನಿಂದಲೂ ನೋಡಿದೆ, ಮುಳ್ಳು ಅಲುಗಲಿಲ್ಲ. ಪ್ಲಾಸ್ಟಿಕ್ ಜರಿಯಿರಬೇಕು. ಬೆಳ್ಳಿ ಎಳೆಯ ಜರಿಯಾದರೆ ಪಿಕಪ್ ಕೂರುವ ಗುಳಿಯ ಅಂಚಿನಿಂದ ದೂರ ಇಡುವುದೇ ಲೇಸು.

ಇಳಕಲ್ ಸೀರೆಯ ಟೋಪು ತೆನೆ (ಕೆಂಪಿನಲ್ಲಿ ಬಿಳಿ ಚಿತ್ತಾರದ) ಸೆರಗನ್ನು ಐದು ತಂತಿಯ ಬೇಸ್‌ಗೆ ಹೊದಿಸಿಕೊಡಿ ಎಂದು ಈಗ ಒಬ್ಬರು ಕೇಳಿದ್ದಾರೆ. ಕೂಲಿ ಹನ್ನೆರಡು ಸಾವಿರ ಎಂದಿದ್ದೇನೆ, ಒಪ್ಪಿದ್ದಾರೆ. ಆದರೆ ಬಿಸಿಲು ಬಿದ್ದರೆ ಎಪಾಕ್ಸಿ ಹಳದಿಯಾಗುತ್ತದೆ, ಖಣದಲ್ಲಿ ಕಾಣದ್ದು ಆ ಸೆರಗಿನ ಬಿಳಿಯಲ್ಲಿ ಎದ್ದು ಕಾಣುತ್ತದೆ. ಮೂರು ಬಗೆಯ ಕ್ಲಿಯರ್ ಹಚ್ಚಿದ ಮೂರು ಹಲಗೆ ತುಂಡುಗಳನ್ನು ಮಾಳಿಗೆಯ ಮೇಲೆ ಇಟ್ಟಿದ್ದೇನೆ. ಏಪ್ರಿಲ್ ಬಿಸಿಲು ಕಳೆಯುವವರೆಗೆ ಅವರ ಬಾಡಿಗೆ ಕೈ ಹಚ್ಚುವುದಿಲ್ಲ.