ಚರ್ಚಿರಲಿ, ಬಸದಿಯಿರಲಿ: ಹಳೆಯ ಕಟ್ಟಡದ ಅಳತೆ ಹಿಡಿಯುವ ಕ್ರಮ

ಹಳೆಯ ಚರ್ಚಿನ ಮುಂದೆಯೋ ಬಸದಿಯ ಮುಂದೆಯೋ ನಿಂತವರು ಮೊದಲು ಕೇಳುವುದು "ಇದು ಯಾವ ಕಾಲದ್ದು?" ಎಂದು. ಅಳತೆಯ ಕೆಲಸದಲ್ಲಿ ಅದು ಕೊನೆಗೆ ಬರುವ ಪ್ರಶ್ನೆ. ಗ್ರೀಸಿನ ಮಧ್ಯಯುಗದ ಚರ್ಚುಗಳ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಅನಾಸ್ತಾಸಿಯೋಸ್ ಒರ್ಲಾಂಡೋಸ್ (1887–1979) ಓದಿದ್ದು ವಾಸ್ತುಶಿಲ್ಪ. ಅಲ್ಲಿನ ಬೈಜಾಂಟೈನ್ (ಮಧ್ಯಯುಗದ ಪೂರ್ವ ರೋಮನ್ ಸಾಮ್ರಾಜ್ಯದ) ಸ್ಮಾರಕಗಳ ಬಗ್ಗೆ 1935ರಿಂದ ಅವರು ಹೊರತಂದ ಸಂಪುಟಗಳು ಇಂದಿಗೂ ಕೆಲಸಕ್ಕೆ ಬರುವುದು ಅವುಗಳಲ್ಲಿನ ಅಳತೆಯ ನಕ್ಷೆಗಳಿಂದ.

ಅಳತೆ ಯಾಕೆ ಮೊದಲು? ಗ್ರೀಸಿನ ಥೆಸಲೊನೀಕಿ ನಗರದ ಸಂತ ದಿಮಿತ್ರಿಯೋಸ್ ಚರ್ಚಿನಲ್ಲಿ 1907ರಲ್ಲಿ ಗಾರೆಯ ಕೆಳಗಿನಿಂದ ಹಳೆಯ ಮೊಸಾಯಿಕ್ ಚಿತ್ರಗಳು ಹೊರಬಂದವು. ಹತ್ತು ವರ್ಷ ಕಳೆಯುವಷ್ಟರಲ್ಲಿ, 1917ರ ಬೆಂಕಿಗೆ ಊರಿನ ಬಹುಭಾಗದ ಜೊತೆ ಚರ್ಚೂ ಸುಟ್ಟಿತು. ಉತ್ತರದ ಸಾಲಿನ ಚಿತ್ರಗಳನ್ನು ಇವತ್ತು ನೋಡಬೇಕಾದರೆ ನಡುವಿನ ಆ ಹತ್ತು ವರ್ಷದಲ್ಲಿ ಯಾರೋ ಕೂತು ಬರೆದ ಜಲವರ್ಣದ ಪ್ರತಿಗಳು, ತೆಗೆದ ಫೋಟೋಗಳೇ ಗತಿ. ನಮ್ಮ ಕೊಡಗಿನಲ್ಲಿ ಬೆಂಕಿಯ ಕೆಲಸವನ್ನು ಮಳೆ ನಿಧಾನವಾಗಿ ಮಾಡುತ್ತದೆ. ಜೀರ್ಣೋದ್ಧಾರದ ಸಿಮೆಂಟು ಬೇಗ ಮಾಡುತ್ತದೆ.

ಕಲಿಯಲು ಇಲ್ಲಿ ಜಾಗಗಳಿವೆ. ಕೊಡಗಿನ ಅರಸ ದೊಡ್ಡವೀರರಾಜೇಂದ್ರನ ಕಾಲದಲ್ಲಿ, 1792ರಲ್ಲಿ ಆರಂಭವಾದ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು, ಮುಳ್ಳೂರಿನ ಬಸದಿಗಳು, ಗುಮ್ಮಟವಿರುವ ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ, ಅರಸರ ಸಮಾಧಿಗಳಿರುವ ಗದ್ದಿಗೆ. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಕೆಲಸದ ಕಾಲ. ಮೊದಲು ಫಲಕ ನೋಡಿ. ಸಂರಕ್ಷಿತ ಸ್ಮಾರಕವಾದರೆ ಕೇಂದ್ರದ ಇಲ್ಲವೇ ರಾಜ್ಯದ ಪುರಾತತ್ತ್ವ ಇಲಾಖೆಯಿಂದ ಬರಹದಲ್ಲಿ ಅನುಮತಿ ಬೇಕು. ಚರ್ಚಾದರೆ ಧರ್ಮಗುರುಗಳನ್ನು ಕೇಳಿ, ಬಲಿಪೂಜೆಯ ಹೊತ್ತು ಬಿಟ್ಟು ಹೋಗಿ. ಗರ್ಭಗುಡಿಯೊಳಗಿನ ಅಳತೆಗೆ ಅರ್ಚಕರೇ ಟೇಪಿನ ತುದಿ ಹಿಡಿದರೆ ಸಾಕು. ಗ್ರೀಸಿನ ಚರ್ಚುಗಳಲ್ಲೂ ಪೀಠದ ಮುಂದಿನ ತಡಿಕೆ ದಾಟಲು ಪಾದ್ರಿಯ ಒಪ್ಪಿಗೆ ಬೇಕೇ ಬೇಕು.

ಸಾಮಾನು ಹೆಚ್ಚೇನಿಲ್ಲ: 30 ಮೀಟರಿನ ಟೇಪು, 5 ಮೀಟರಿನ ಸ್ಟೀಲ್ ಟೇಪು, ತೂಗುಗುಂಡು, ನೈಲಾನ್ ದಾರ, ಮೇಸ್ತ್ರಿಗಳು ಮಟ್ಟ ನೋಡುವ 10 ಮೀಟರಿನ ಪಾರದರ್ಶಕ ಪೈಪು, ದಿಕ್ಸೂಚಿ, ಟಾರ್ಚು, ಎ3 ಗ್ರಾಫ್ ಹಾಳೆ, 2ಎಚ್ ಪೆನ್ಸಿಲು, ಫೋಟೋದಲ್ಲಿಡಲು ಕಪ್ಪು-ಬಿಳಿ ಪಟ್ಟೆಯ ಅಳತೆಕೋಲು. ಮಳೆ ಬಿದ್ದ ಮರುದಿನ ಹೋಗುವುದಾದರೆ ಜಿಗಣೆಗೆ ಉಪ್ಪು ಒಯ್ಯುತ್ತೀರಿ. ಆ ಉಪ್ಪಿನ ಗಂಟನ್ನು ಕಲ್ಲಿನ ಮೇಲೆ, ಗೋಡೆಯ ಬುಡದಲ್ಲಿ ಇಡಬೇಡಿ. ಕಲ್ಲಿನ ಸಂದಿಗೆ ಇಳಿದ ಉಪ್ಪು ಒಣಗುವಾಗ ಹರಳುಗಟ್ಟಿ ಮೇಲ್ಪದರವನ್ನೇ ಉದುರಿಸುತ್ತದೆ.

ಟೇಪು ಬಿಚ್ಚುವ ಮೊದಲು ಎರಡು ಸುತ್ತು ನಡೆದು, ಕಣ್ಣಳತೆಯಲ್ಲಿ ತಲವಿನ್ಯಾಸ (ಮೇಲಿನಿಂದ ನೋಡಿದಂತೆ ಗೋಡೆಗಳ ನಕ್ಷೆ) ಬರೆಯಿರಿ. ಹಾಳೆ ತುಂಬುವಷ್ಟು ದೊಡ್ಡದಾಗಿರಲಿ. ಪ್ರತಿ ಬಾಗಿಲು, ಕಿಟಕಿ, ಕಂಬ, ಗೂಡು ಅದರಲ್ಲಿ ಬರಬೇಕು. ಅಂಕಿಗಳು ಆಮೇಲೆ. ಚಿಕ್ಕದಾಗಿ ಬರೆದರೆ ಅಂಕಿಗಳು ಒಂದರ ಮೇಲೊಂದು ಬಿದ್ದು, ರಾತ್ರಿ ಮನೆಯಲ್ಲಿ ನೋಡುವಾಗ 1.36 ಯಾವುದು, 1.86 ಯಾವುದು ಎಂದು ತಿಳಿಯದು.

ಗೋಡೆಯುದ್ದಕ್ಕೂ ಟೇಪನ್ನು ಒಂದೇ ಸಲ ಹಾಸಿ, ಒಂದೇ ಸೊನ್ನೆಯಿಂದ ಎಲ್ಲ ಬಿಂದುಗಳನ್ನೂ ಓದಿ. ಕಿಟಕಿಯಿಂದ ಕಿಟಕಿಗೆ ತುಂಡುತುಂಡಾಗಿ ಅಳೆದು ಕೂಡಿಸಿದರೆ, ತುಂಡಿಗೆ 5 ಮಿಲಿಮೀಟರ್ ತಪ್ಪಿದರೂ ಹನ್ನೆರಡು ತುಂಡಿಗೆ 6 ಸೆಂಟಿಮೀಟರ್ ವರೆಗೆ ಹೋಗುತ್ತದೆ. ನಡುವೆ ಜೋತ ಟೇಪು ಯಾವಾಗಲೂ ಹೆಚ್ಚೇ ತೋರಿಸುತ್ತದೆ.

ಹೊಸಬರು ಬಿಟ್ಟೇ ಬಿಡುವುದು ಕರ್ಣ. ನಾಲ್ಕು ಬದಿ ಅಳೆದರೆ ಕೋಣೆಯ ಆಕಾರ ಸಿಗುವುದಿಲ್ಲ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಬೇಕು. 6.00 ಮತ್ತು 4.50 ಮೀಟರಿನ ಕೋಣೆ ಮೂಲೆಮಟ್ಟಕ್ಕೆ ಸರಿಯಿದ್ದರೆ ಕರ್ಣ ಎರಡೂ 7.50. ಒಂದು 7.46, ಇನ್ನೊಂದು 7.54 ಬಂದರೆ ಮೂಲೆ ಅರ್ಧ ಡಿಗ್ರಿಗಿಂತ ಹೆಚ್ಚು ಓರೆ. ಆ ಓರೆಯನ್ನು ನಕ್ಷೆಯಲ್ಲಿ ತಿದ್ದಿ ನೇರ ಮಾಡುವುದು ದೊಡ್ಡ ಅಪರಾಧ. ಹಿಂದಿದ್ದ ಪಾಯದ ಮೇಲೆ ಹೊಸ ಗೋಡೆ ಎದ್ದಿದೆ ಎಂಬುದಕ್ಕೆ ಎಷ್ಟೋ ಸಲ ಇರುವ ಒಂದೇ ಸಾಕ್ಷಿ ಅದು. ಚರ್ಚಿನ ಪೂರ್ವ ತುದಿಯ ಅರೆವೃತ್ತದ ಭಾಗಕ್ಕೆ ಎರಡು ತುದಿಗಳ ನಡುವೆ ದಾರ ಎಳೆದು, ಪ್ರತಿ 25 ಸೆಂಟಿಮೀಟರಿಗೆ ದಾರದಿಂದ ಗೋಡೆಗೆ ಲಂಬವಾಗಿ ಅಳೆಯಿರಿ. ಬೈಜಾಂಟೈನ್ ಚರ್ಚುಗಳಲ್ಲಿ ಇದು ಒಳಗೆ ದುಂಡಗಿದ್ದು ಹೊರಗೆ ಮೂರು ಮುಖದ್ದಾಗಿರುವುದು ಸಾಮಾನ್ಯ. ಹಾಗಾಗಿ ಒಳಹೊರಗನ್ನು ಬೇರೆಬೇರೆಯಾಗಿಯೇ ಅಳೆಯಬೇಕು.

ಎತ್ತರಕ್ಕೆ ನೆಲವನ್ನು ನಂಬಬೇಡಿ, ನೆಲ ತಗ್ಗುದಿಬ್ಬ. ನೀರಿನ ಪೈಪಿನಿಂದ ಸುಮಾರು 1 ಮೀಟರ್ ಎತ್ತರದಲ್ಲಿ ಸುತ್ತಲೂ ಒಂದೇ ಮಟ್ಟ ಗುರುತಿಸಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಅಳೆಯಿರಿ. ಗುರುತನ್ನು ಒಂದು ಕೋಲಿನ ಮೇಲೆ ಮಾಡಿ, ಗೋಡೆಗೆ ಗೀಚಬೇಡಿ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ. ಎರಡು ತುದಿ ಪಕ್ಕಪಕ್ಕ ಹಿಡಿದು ನೀರು ಸಮ ನಿಂತಿದೆಯೇ ನೋಡಿಯೇ ಆರಂಭಿಸಿ. ಸೀಳುನೋಟ (ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ನಕ್ಷೆ) ಬರೆದಾಗ ಮಾತ್ರ ತಿಳಿಯುವ ಸಂಗತಿಗಳಿವೆ. ಗ್ರೀಸಿನ ಆರ್ಟಾ ಊರಿನ ಪಾರಿಗೊರಿತಿಸ್ಸಾ ಚರ್ಚಿನ ಗುಮ್ಮಟದ ಭಾರ ನೆಲದಿಂದ ಎದ್ದ ಕಂಬಗಳ ಮೇಲಿಲ್ಲ. ಹಳೆಯ ಕಂಬಗಳನ್ನು ಅಡ್ಡ ಮಲಗಿಸಿ ಗೋಡೆಯಿಂದ ತೊಲೆಯಂತೆ ಹೊರಚಾಚಿಸಿ, ಅವುಗಳ ಮೇಲೆ ಕಂಬ ನಿಲ್ಲಿಸಿ, ಹೀಗೆ ಅಂತಸ್ತು ಅಂತಸ್ತಾಗಿ ಒಳಕ್ಕೆ ತಂದು ಗುಮ್ಮಟ ಹೊರಿಸಿದ್ದಾರೆ. ತಲವಿನ್ಯಾಸ ಒಂದನ್ನೇ ಬರೆದವರ ಕೈಗೆ ಇದು ಸಿಗುವುದಿಲ್ಲ.

ಇನ್ನು ಸಂದುಗಳು. ಎರಡು ಗೋಡೆ ಸೇರುವಲ್ಲಿ ಕಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡಿವೆಯೋ, ಬರೀ ತಾಗಿ ನಿಂತಿವೆಯೋ ನೋಡಿ. ಮೇಲಿಂದ ಕೆಳಗಿನವರೆಗೆ ನೇರ ಸಂದು ಇದ್ದರೆ ಎರಡು ಬೇರೆ ಸಲದ ಕೆಲಸ ಎಂದು ತಿಳಿಯಿರಿ, ಒರಗಿದ್ದು ಹೊಸದು. ಗ್ರೀಸಿನ ಓಸಿಯೋಸ್ ಲೂಕಾಸ್ ಮಠದಲ್ಲಿ ಎರಡು ಚರ್ಚು ಅಂಟಿಕೊಂಡಿವೆ. ದೊಡ್ಡ ಚರ್ಚಿನ ಅಮೃತಶಿಲೆಯ ಹೊದಿಕೆಯ ಹಿಂದೆ ಚಿಕ್ಕ ಚರ್ಚಿನ ಹೊರಗೋಡೆಯೂ ಅದರ ಮೇಲೆ ಬರೆದಿದ್ದ, ಬೈಬಲಿನ ಜೋಶುವನ ಚಿತ್ರವೂ ಸಿಕ್ಕಿತು. ಚಿತ್ರ ಬರೆದಾಗ ಆ ಗೋಡೆ ಬಯಲಿಗಿತ್ತು, ಆದ್ದರಿಂದ ಚಿಕ್ಕದೇ ಹಳೆಯದು. ಕೊಡಗಿನಲ್ಲಿ ಸಂದನ್ನು ಸುಣ್ಣದ ಮೇಲೆ ಸುಣ್ಣ ಮುಚ್ಚಿರುತ್ತದೆ. ಕೆರೆಯಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ ಗಾರೆಯ ಮೇಲೆ ಕೂದಲೆಳೆಯ ಬಿರುಕು ನೇರವಾಗಿ ಇಳಿದಿದೆಯೇ ನೋಡಿ, ಹಂಚಿನ ಕೆಳಗೆ ಅಟ್ಟದಲ್ಲಿ ಗಾರೆಯಿಲ್ಲದ ಗೋಡೆ ಕಾಣುತ್ತದೆಯೇ ನೋಡಿ.

ಶಾಸನಕ್ಕೂ ಇದೇ ಓರೆ ಬೆಳಕು. ಸೀಮೆಸುಣ್ಣ, ವಿಭೂತಿ, ಎಣ್ಣೆ ಬಳಿಯಬಾರದು. ಬಳಿದವರು ತಾವು ಓದಿದ್ದನ್ನೇ ಕಲ್ಲಿನ ಮೇಲೆ ಬರೆದುಬಿಡುತ್ತಾರೆ. ಪಾಚಿಯನ್ನು ಉಜ್ಜಿದರೆ ಅದರ ಜೊತೆ ಅಕ್ಷರವೂ ಕಿತ್ತುಬರುತ್ತದೆ. ಟಾರ್ಚನ್ನು ಎಡ, ಬಲ, ಮೇಲೆ, ಕೆಳಗೆ ಹಿಡಿದು ನಾಲ್ಕು ಫೋಟೋ ತೆಗೆಯಿರಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ: ಶಕ 980 ಎಂದರೆ 1058. ಶಕವರ್ಷದ ಕೊನೆಯ ತಿಂಗಳುಗಳಾದರೆ 79. ಬೈಜಾಂಟೈನ್ ಶಾಸನದಲ್ಲಿ ಜಗತ್ತಿನ ಸೃಷ್ಟಿಯಿಂದ ಎಣಿಸಿದ ವರ್ಷವಿರುತ್ತದೆ, ಹೊಸ ವರ್ಷ ಸೆಪ್ಟೆಂಬರ್ 1ಕ್ಕೆ. ಜನವರಿಯಿಂದ ಆಗಸ್ಟ್ ಆದರೆ 5508 ಕಳೆಯಿರಿ, ಸೆಪ್ಟೆಂಬರಿನಿಂದ ಡಿಸೆಂಬರ್ ಆದರೆ 5509. ನಮ್ಮ ಸಂವತ್ಸರದ ಹೆಸರಿನಂತೆ ಅಲ್ಲಿ 15 ವರ್ಷದ ಇಂಡಿಕ್ಷನ್ ಚಕ್ರವಿದೆ. ಸೃಷ್ಟಿಯಿಂದ ಎಣಿಸಿದ ವರ್ಷವನ್ನು 15ರಿಂದ ಭಾಗಿಸಿದ ಶೇಷವೇ ಅದು (ಶೇಷ ಸೊನ್ನೆಯಾದರೆ 15). 6961ಕ್ಕೆ ಶೇಷ 1, ಕ್ರಿಸ್ತಶಕ 1453. ಕಲ್ಲಿನ ಮೇಲಿನ ಎರಡೂ ಅಂಕಿ ಹೊಂದದಿದ್ದರೆ ಎಲ್ಲೋ ಒಂದಕ್ಷರ ತಪ್ಪಾಗಿ ಓದಿದ್ದೀರಿ.

ನಕ್ಷೆಯ ಪ್ರಮಾಣ: ತಲವಿನ್ಯಾಸ 1:50, ವಿವರಗಳು 1:20, ಕಲ್ಲಿನ ಅಂಚಿನ ಕೆತ್ತನೆ ಇದ್ದ ಅಳತೆಯಲ್ಲೇ. 1:50ರಲ್ಲಿ ಅರ್ಧ ಮಿಲಿಮೀಟರಿನ ಗೆರೆ ಎರಡೂವರೆ ಸೆಂಟಿಮೀಟರಿಗೆ ಸಮ. ಅಲ್ಲಿ ಸೆಂಟಿಮೀಟರಿನವರೆಗೆ ಓದಿದರೆ ಸಾಕು. ಪ್ರಮಾಣವನ್ನು ಅಂಕಿಯಲ್ಲಷ್ಟೇ ಬರೆದು ಬಿಡಬೇಡಿ, ಪಟ್ಟಿಯಾಗಿಯೂ ಎಳೆಯಿರಿ. ಜೆರಾಕ್ಸ್ ಅಂಗಡಿಯಲ್ಲಿ ಕುಗ್ಗಿದ ಹಾಳೆಯ ಮೇಲೆ 1:50 ಎಂಬುದು ಸುಳ್ಳಾಗುತ್ತದೆ, ಪಟ್ಟಿ ಸುಳ್ಳಾಗುವುದಿಲ್ಲ.

ಇದನ್ನೇ ವೃತ್ತಿ ಮಾಡಿಕೊಳ್ಳುವ ಮನಸ್ಸಿದ್ದರೆ ಮೈಸೂರು ವಿಶ್ವವಿದ್ಯಾನಿಲಯ, ಪುಣೆಯ ಡೆಕ್ಕನ್ ಕಾಲೇಜುಗಳಲ್ಲಿ ಪುರಾತತ್ತ್ವದ ಸ್ನಾತಕೋತ್ತರ ಓದು ಇದೆ. ಗ್ರೀಸಿನತ್ತ ಹೋಗುವವರಿಗೆ ಹಳೆಯ ಗ್ರೀಕ್ ಓದಲು, ಹೊಸ ಗ್ರೀಕ್ ಮಾತಾಡಲು ಬರಲೇಬೇಕು. ಅಲ್ಲಿನ ಅನುಮತಿಗಳೆಲ್ಲ ಸಂಸ್ಕೃತಿ ಸಚಿವಾಲಯದ ಕೈಯಲ್ಲಿವೆ.

ಮೂಲ ಹಾಳೆಯ ಮೇಲೆ ತಾರೀಖು, ಉತ್ತರ ದಿಕ್ಕು, ಅಳೆದವರ ಹೆಸರು ಇರಲಿ. ಜೆಲ್ ಪೆನ್ನು ಬೇಡ, ತೇವ ತಗುಲಿದರೆ ಹರಡುತ್ತದೆ. ಪೆನ್ಸಿಲು ನಿಲ್ಲುತ್ತದೆ. ಸ್ಕ್ಯಾನ್ ಮಾಡಿ ಮೂರು ಕಡೆ ಇಡಿ, ಒಂದು ಪ್ರತಿ ಆ ಚರ್ಚಿಗೋ ದೇವಸ್ಥಾನಕ್ಕೋ ಸೇರಲಿ. ಹಾಳೆಗಳನ್ನು ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಟ್ಟರೆ ಜುಲೈ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಒಳಗಿನ ಕೋಣೆಯಲ್ಲಿ, ನೆಲದಿಂದ ಎತ್ತರದಲ್ಲಿ, ಚಪ್ಪಟೆಯಾಗಿ ಇಡಿ.